ಅತ್ತೆ ಒಪ್ಪದ ಸರ್ಟಿಫಿಕೇಟು

ನಮ್ಮ ಆಫೀಸಿನ ಬಿಲ್ಡ್ ಸರ್ವರ್ ಎಂಬ ಕಂಪ್ಯೂಟರಿಗೆ ಅತ್ತೆ ಎಂದು ಹೆಸರಿಟ್ಟವಳು ನಾನೇ. ಆಗ ಮದುವೆಯಾಗಿ ಎಂಟು ತಿಂಗಳಾಗಿತ್ತು, ಹಾಗಾಗಿ ಆ ಹೆಸರಿಡುವ ಹಕ್ಕು ನನಗಿತ್ತು. ಮನೆಯಲ್ಲಿದ್ದ ನಿಜವಾದ ಅತ್ತೆ ಪಾಪದವರು. ನನ್ನ ರೊಟ್ಟಿ ಯಾವ ತಾಲ್ಲೂಕಿನ ನಕ್ಷೆಯಂತಿದ್ದರೂ "ಛಲೋ ಆಗೈತಿ ಬಿಡ" ಎಂದು ಮುರಿದು ತಿನ್ನುತ್ತಿದ್ದರು. ಆಫೀಸಿನಲ್ಲಿ ಮೆಟ್ಟಿಲ ಕೆಳಗೆ, ನೀರಿನ ಕೊಡದ ಪಕ್ಕ ಕೂತಿದ್ದ ಅತ್ತೆ ಮಾತ್ರ ಒಂದು ಚುಕ್ಕೆ ಬಿಟ್ಟುಹೋದರೂ ಕೆಂಪು ಅಕ್ಷರದಲ್ಲಿ ಉದ್ದುದ್ದ ಬೈಯುತ್ತಿತ್ತು.

ಇದು ಎರಡು ಸಾವಿರದ ಆರು-ಏಳರ ಮಾತು. ಬೈಲಹೊಂಗಲದ ಪೇಟೆಯಲ್ಲಿ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದು ನಾವು ಸಾಫ್ಟ್‌ವೇರ್ ಮಾಡುತ್ತಿದ್ದೆವು. ನಾವು ಎಂದರೆ ಮೂರೇ ಜನ. ಒಬ್ಬರು ಮಾಲೀಕರು, ಅವರಿಗೆ ಕಂಪ್ಯೂಟರ್ ಎಂದರೆ ಭಕ್ತಿ ಇತ್ತು, ತಿಳಿವಳಿಕೆ ಇರಲಿಲ್ಲ. ಇನ್ನೊಬ್ಬ ಸಂಗೊಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಜೋಡಿ ಕೆಲಸಗಾರ. ನನಗಿಂತ ಒಂದೇ ವರ್ಷ ಚಿಕ್ಕವನಾದರೂ ಅಕ್ಕಾರ, ಅಕ್ಕಾರ ಎಂದು ಕರೆದು ತನ್ನ ಅರ್ಧ ಕೆಲಸವನ್ನು ನನ್ನ ಕೊರಳಿಗೆ ಕಟ್ಟುತ್ತಿದ್ದ. ಮೂರನೆಯವಳು ನಾನು, ರಾಮದುರ್ಗ ಕಡೆಯ ಕಟಕೋಳದವಳು, ಡಿಪ್ಲೊಮಾ ಮುಗಿಸಿದವಳು, ಮೂಗಿನ ತುದಿಯಲ್ಲೇ ಸಿಟ್ಟಿರುವವಳು.

ರಕ್ತ ತಪಾಸಣೆ ಮಾಡುವ ಲ್ಯಾಬುಗಳಿಗೆ ರಿಪೋರ್ಟ್ ಮುದ್ರಿಸುವ ಸಾಫ್ಟ್‌ವೇರ್ ನಮ್ಮದು. ಅದು ಕಿತ್ತೂರು, ಸವದತ್ತಿ, ರಾಮದುರ್ಗದವರೆಗೂ ಹೋಗಿತ್ತು ಎಂದರೆ ಅದಕ್ಕೆ ನಮ್ಮ ಜಾಣತನ ಕಾರಣವಲ್ಲ, ಚಾಚಾ ಕಾರಣ. ಚಾಚಾ ಸವದತ್ತಿಯಲ್ಲಿ ಲ್ಯಾಬ್ ನಡೆಸುತ್ತಿದ್ದ ಐವತ್ತೈದರ ಮನುಷ್ಯ. ಬೈಲಹೊಂಗಲವೂ ಸೇರಿ ಆ ನಾಲ್ಕು ಊರುಗಳ ಅರ್ಧದಷ್ಟು ಲ್ಯಾಬಿನವರು ಸೂಜಿ ಹಿಡಿಯಲು ಕಲಿತದ್ದೇ ಅವರ ಹತ್ತಿರ. ನಮ್ಮ ಮಾಲೀಕರನ್ನು ಕರೆದುಕೊಂಡು ಅವರೇ ಬಾಗಿಲು ಬಾಗಿಲಿಗೆ ಹೋಗಿ, "ನಮ್ಮ ಹುಡುಗ್ರು ಮಾಡ್ಯಾರ, ತಗೋರಿ" ಎಂದಿದ್ದರು. ಎಲ್ಲರೂ ತಗೊಂಡರು. ಸಾಫ್ಟ್‌ವೇರ್ ಏನು ಮಾಡುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ನಮ್ಮ ಕಡೆ ಎಲ್ಲ ನಡೆಯುವುದೇ ಹಾಗೆ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಕಿರಾಣಿ ಅಂಗಡಿಯವರು "ನೀವ್ ಯಾರ ಪೈಕಿ?" ಎಂದು ಕೇಳದೆ ಬೆಲ್ಲ ಕೂಡ ತೂಗುತ್ತಿರಲಿಲ್ಲ. ಮಾವನವರ ಹೆಸರು ಹೇಳಿದ ಕೂಡಲೇ ಒಂದು ಹಿಡಿ ಪುಠಾಣಿ ಪುಕ್ಕಟೆ.

ಚಾಚಾ ಮಾತ್ರ ತಮ್ಮ ಕೆಲಸದಲ್ಲಿ ಯಾರ ಪೈಕಿಯನ್ನೂ ಒಪ್ಪುತ್ತಿರಲಿಲ್ಲ. ರಕ್ತ ತೆಗೆಯುವ ಮೊದಲು ಎದುರಿಗೆ ಕೂತವರ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ, ಬಾಟಲಿಯ ಮೇಲಿನ ಚೀಟಿ ಓದಿ, ಆಮೇಲೆ ಸೂಜಿ ಚುಚ್ಚುವುದು. ಒಮ್ಮೆ ತಮ್ಮ ಸ್ವಂತ ಹೆಂಡತಿಗೇ "ಹೆಸರ ಏನ್ರಿ?" ಎಂದು ಕೇಳಿದ್ದಕ್ಕೆ ಆ ಚಾಚಿ ಎರಡು ದಿನ ಮಾತು ಬಿಟ್ಟಿದ್ದರಂತೆ. ಸವದತ್ತಿಯವರು ಈ ಕತೆ ಹೇಳಿ ನಗುತ್ತಿದ್ದರು, ಆದರೆ ರಕ್ತ ಕೊಡಲು ಅಲ್ಲಿಗೇ ಹೋಗುತ್ತಿದ್ದರು.

ಒಂದು ಗುರುವಾರ ಕಿತ್ತೂರಿನ ಮಕ್ಕಳ ಡಾಕ್ಟರು ಚಾಚಾಗೆ ಫೋನ್ ಮಾಡಿ ರೇಗಾಡಿದರು. ಒಂಬತ್ತು ತಿಂಗಳ ಕೂಸಿನ ರಿಪೋರ್ಟಿನಲ್ಲಿ ನಮ್ಮ ಸಾಫ್ಟ್‌ವೇರ್ ಒಂಬತ್ತು ವರ್ಷ ಎಂದು ಮುದ್ರಿಸಿತ್ತು. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ವಯಸ್ಸಿಗೆ ತಕ್ಕಂತೆ ರಕ್ತದ ಪ್ರಮಾಣ ಎಷ್ಟಿರಬೇಕು ಎಂದು ಪಕ್ಕದಲ್ಲಿ ಬರುತ್ತದಲ್ಲ, ಅದೂ ಒಂಬತ್ತು ವರ್ಷದವರದೇ ಬಂದು, ಸರಿಯಿದ್ದ ಕೂಸಿಗೆ ರಕ್ತ ಕಡಿಮೆ ಎಂದು ಗುರುತು ಬಿದ್ದಿತ್ತು. ಕೂಸಿನ ತಾಯಿ ಅಳುತ್ತ ಕೂತಿದ್ದಳಂತೆ. "ಸೋಮವಾರ ಮುಂಜಾನಿ ಲ್ಯಾಬ್ ತಗಿಯೂದ್ರಾಗ ಸರಿ ಇರತೈತ್ರಿ ಸಾಹೇಬ್ರ, ನಂದ ಮಾತು" ಎಂದು ಚಾಚಾ ಅವರಿಗೆ ಹೇಳಿಬಿಟ್ಟರು. ಆ ಮಾತು ಹೋದರೆ ನಮ್ಮದೇನೂ ಹೋಗುತ್ತಿರಲಿಲ್ಲ, ಹೋಗುವುದೆಲ್ಲ ಅವರದೇ.

ತಪ್ಪು ನನ್ನದೇ ಸಾಲಿನಲ್ಲಿತ್ತು. ಹತ್ತು ನಿಮಿಷದಲ್ಲಿ ತಿದ್ದಿದೆ. ಆದರೆ ನಾವು ಬರೆದದ್ದು ಬರೀ ಹಿಟ್ಟು, ಅದನ್ನು ರೊಟ್ಟಿ ಮಾಡಿ ಸಿಡಿಗೆ ಕೊಡುವುದು ಅತ್ತೆಯ ಕೆಲಸ. ಮೊದಲು ನಾವಿಬ್ಬರೂ ನಮ್ಮ ನಮ್ಮ ಮೇಜಿನ ಕಂಪ್ಯೂಟರಿನಲ್ಲೇ ಮಾಡಿ ಕೊಟ್ಟು, ರಾಮದುರ್ಗಕ್ಕೊಂದು ನಮೂನೆ ಸವದತ್ತಿಗೊಂದು ನಮೂನೆ ಹೋಗಿ ಚಾಚಾ ಮರ್ಯಾದೆ ಕಳೆದಿದ್ದೆವು. ಅಂದಿನಿಂದ ಅತ್ತೆಯ ಕೈಯಿಂದ ಬಂದದ್ದು ಬಿಟ್ಟು ಬೇರೇನೂ ಲ್ಯಾಬಿಗೆ ಹೋಗಕೂಡದು ಎಂದು ಅವರಿಗೆ ಮಾತು ಕೊಟ್ಟಿದ್ದೆ.

ಅತ್ತೆ ರೊಟ್ಟಿ ತಟ್ಟುವಾಗ ಪುಣೆಯ ಒಂದು ಕಂಪನಿಯ ಕಂಪ್ಯೂಟರಿನಿಂದ ಪ್ರತಿ ಸಲ ಒಂದು ಭಾಗ ತರಬೇಕಿತ್ತು, ರಿಪೋರ್ಟನ್ನು ಅಂದವಾಗಿ ಮುದ್ರಿಸುವ ಭಾಗ. ಆ ವಾರವೇ ಪುಣೆಯವರು ತಮ್ಮ ಬಾಗಿಲಿಗೆ ಹೊಸ ಬೀಗ ಹಾಕಿದ್ದರು. ಅಂದರೆ ಇನ್ನು ಮೇಲೆ ಅವರ ಕಂಪ್ಯೂಟರು ತಾನು ನಿಜವಾಗಿ ಪುಣೆಯವರದೇ ಎಂದು ಸರ್ಟಿಫಿಕೇಟು ತೋರಿಸುತ್ತದೆ, ನಮ್ಮದು ಅದನ್ನು ಪರೀಕ್ಷಿಸಿ ಒಳಗೆ ಬಿಟ್ಟುಕೊಳ್ಳುತ್ತದೆ. ಸರ್ಟಿಫಿಕೇಟಿನ ಮೇಲೆ ಯಾರಾದರೂ ದೊಡ್ಡವರ ಸಹಿ ಇರಬೇಕು. ಯಾವ ಯಾವ ದೊಡ್ಡವರನ್ನು ನಂಬಬೇಕು ಎಂಬ ಪಟ್ಟಿ ಅತ್ತೆಯ ಹತ್ತಿರ ಇರುತ್ತದೆ. ಅತ್ತೆ ನೋಡಿತು, ಮೂಗು ಮುರಿಯಿತು. ಈ ಸರ್ಟಿಫಿಕೇಟಿನಿಂದ ನಾನು ನಂಬುವವರ ತನಕ ದಾರಿಯೇ ಸಿಗುತ್ತಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬರೆದು ಕೈ ಕಟ್ಟಿ ಕೂತಿತು.

ಮೊದಲು ನಾನು ಗಡಿಯಾರವನ್ನು ಬೈದೆ. ಕರೆಂಟು ಹೋಗಿ ಬಂದು ಮಾಡಿದಾಗ ಹಳೆಯ ಕಂಪ್ಯೂಟರುಗಳು ನಾಲ್ಕು ವರ್ಷ ಹಿಂದಿನ ತಾರೀಖಿಗೆ ಹೋಗಿ ಕೂರುತ್ತಿದ್ದವು, ಆಗ ಇವತ್ತಿನ ಸರ್ಟಿಫಿಕೇಟು ಅವಕ್ಕೆ ಇನ್ನೂ ಹುಟ್ಟಿಯೇ ಇರುವುದಿಲ್ಲ. ನೋಡಿದರೆ ತಾರೀಖು ಸರಿ, ಗಂಟೆ ಸರಿ, ನಿಮಿಷವೂ ಸರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆಮೇಲೆ ಪುಣೆಯವರಿಗೆ ಸಹಿ ಹಾಕಿದ್ದಾರೆಂದು ನಾನು ತಿಳಿದಿದ್ದ ದೊಡ್ಡವರ ಸರ್ಟಿಫಿಕೇಟನ್ನೇ ತಂದು ಅತ್ತೆಯ ಪಟ್ಟಿಗೆ ಸೇರಿಸಿದೆ. ಒಪ್ಪಲಿಲ್ಲ. ಬಿಲ್ಡ್ ಮಾಡುವ ಜಾವಾ ಎಂಬ ಪ್ರೋಗ್ರಾಮು ಅತ್ತೆಯ ಆ ಪಟ್ಟಿ ನೋಡುವುದಿಲ್ಲ, ಅದಕ್ಕೆ ತನ್ನದೇ ಬೇರೆ ಪಟ್ಟಿ ಇದೆ ಎಂದು ಶುಕ್ರವಾರ ಮಧ್ಯಾಹ್ನ ಗೊತ್ತಾಯಿತು. ಅಲ್ಲಿಯೂ ಸೇರಿಸಿದೆ. ಒಪ್ಪಲಿಲ್ಲ. ಅದೇ ಕಂಪ್ಯೂಟರಿನಲ್ಲಿ ಎರಡು ಜಾವಾ ಇವೆ, ನಾನು ಇಷ್ಟು ಹೊತ್ತು ಕೆಲಸವಿಲ್ಲದೆ ಕೂತಿದ್ದ ಜಾವಾದ ಕಿವಿಯಲ್ಲಿ ಹೇಳುತ್ತಿದ್ದೆ ಎಂದು ಶುಕ್ರವಾರ ಸಂಜೆ ತಿಳಿಯಿತು. ಸರಿಯಾದ ಜಾವಾಕ್ಕೆ ಹೇಳಲು ಹೋದರೆ ಆ ದೊಡ್ಡವರು ಅದರ ಪಟ್ಟಿಯಲ್ಲಿ ಮೊದಲಿನಿಂದಲೂ ಇದ್ದರು! ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಇದೆಲ್ಲದರ ಮೇಲೆ, ನನ್ನ ಮೇಜಿನ ಕಂಪ್ಯೂಟರಿನ ಬ್ರೌಸರಿನಲ್ಲಿ ಅದೇ ಪುಣೆಯ ವಿಳಾಸ ಹಾಕಿದರೆ ಸಣ್ಣ ಬೀಗದ ಚಿತ್ರ ತೋರಿಸಿ ಸುಸೂತ್ರವಾಗಿ ತೆರೆಯುತ್ತಿತ್ತು.

ಮಾಲೀಕರು ಬಂದು ಅತ್ತೆಗೆ ಊದಿನಕಡ್ಡಿ ಬೆಳಗಿದರು. "ಯಾರರ ಗುರ್ತಿನವರ ಕಡಿಂದ ಹೇಳಸ್ರಿ, ಒಪ್ಪತೈತಿ" ಎಂದು ಸಲಹೆ ಕೊಟ್ಟು ಊಟಕ್ಕೆ ಹೋದರು. ನಾನು ಹಲ್ಲು ಕಡಿದೆ.

ಶನಿವಾರ ಬೆಳಗ್ಗೆ ಚಾಚಾ ಸ್ವತಃ ಬಂದು ಮೆಟ್ಟಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂತರು. ಸಿಡಿ ಹಿಡಿದುಕೊಂಡೇ ಹೋಗುವವರು. ಕಾಲಿನ ಹತ್ತಿರ ಕೈಚೀಲ, ಅದರಲ್ಲಿ ಹೆಂಡತಿ ಕಟ್ಟಿ ಕೊಟ್ಟ ಬುತ್ತಿ. ಏನೂ ಕೇಳಲಿಲ್ಲ, ಅವಸರ ಮಾಡಲಿಲ್ಲ. ಸುಮ್ಮನೆ ಕೂತವರು ಬೈಯುವವರಿಗಿಂತ ಹೆಚ್ಚು ಹಿಂಸೆ.

ಸಂಗೊಳ್ಳಿಯವನು ನನ್ನ ಕುರ್ಚಿಯ ಹಿಂದೆ ಬಂದು ನಿಂತ. "ಅಕ್ಕಾರ, ಯಾಕ ಒದ್ದಾಡ್ತೀರಿ? ಯಾರ ಬಂದ್ರೂ ನಂಬು ಅಂತ ಒಂದ್ ಸಾಲ ಬರದ್ ಒಗೀರಿ. ಮುಗೀತು."

"ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಪೈಕಿ ನೀ" ಎಂದೆ.

"ಆತ ಬಿಡ್ರಿ. ನೀವ ನೋಡ್ಕೋರಿ" ಎಂದು ಅಡಿಕೆ ಬಾಯಿಗೆ ಹಾಕಿಕೊಂಡ.

ಅವನು ಹೇಳಿದ್ದು ಏನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಬರೆದರೆ ಅತ್ತೆ ಯಾರ ಸರ್ಟಿಫಿಕೇಟನ್ನೂ ನೋಡುವುದಿಲ್ಲ. ಪುಣೆಯ ಹೆಸರು ಹೇಳಿಕೊಂಡು ದಾರಿಯಲ್ಲಿ ಯಾರು ಏನು ಕೊಟ್ಟರೂ ನುಂಗುತ್ತದೆ, ಅದು ನಮ್ಮ ಸಿಡಿಯಲ್ಲಿ ಹೋಗಿ ಯಾರದೋ ಕೂಸಿನ ರಕ್ತದ ಲೆಕ್ಕ ಮುದ್ರಿಸುತ್ತದೆ. ಗೊತ್ತಿದ್ದೂ, ಗಂಟೆ ಹನ್ನೆರಡಾಗಿ ಚಾಚಾ ಎರಡನೇ ಸಲ ನೀರು ಕುಡಿದಾಗ, ನಾನು ಆ ಸಾಲು ಬರೆದೆ. ಅತ್ತೆ ತುಟಿ ಬಿಚ್ಚದೆ ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಸಿ ಹಸಿರು ಅಕ್ಷರ ತೋರಿಸಿತು. ಒಂಬತ್ತು ತಿಂಗಳ ಕೂಸಿನ ರಿಪೋರ್ಟು ತೆಗೆದು ನೋಡಿದೆ, ಸರಿಯಾಗಿತ್ತು. ಸಿಡಿ ಬರೆದು ಚಾಚಾ ಕೈಗೆ ಕೊಟ್ಟೆ.

"ಎಲ್ಲಾ ತಪಾಸ ಮಾಡೀಯಲ್ಲ ಬೇಟಿ?" ಎಂದರು. "ನಿನ್ನ ಮಾತಿನ ಮ್ಯಾಲ ಒಯ್ಯಾಕ ಹತ್ತೇನಿ."

"ಎಲ್ಲಾ ನೋಡೇನ್ರಿ ಚಾಚಾ."

ಅಷ್ಟು ಸಲೀಸಾಗಿ ಬಂತು ನನ್ನ ಬಾಯಿಂದ. ಅವರು ಸಿಡಿಯನ್ನು ಬುತ್ತಿಯ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟು ಮೆಟ್ಟಿಲಿಳಿದರು.

ಸಂಗೊಳ್ಳಿಯವನು ಗೆದ್ದವನಂತೆ ಕೆಳಗಿನಿಂದ ತಿನ್ನಲು ಗಿರ್ಮಿಟ್ ತರಿಸಿದ. ಸ್ವಂತ ಹೆಂಡತಿಯ ಹೆಸರು ಕೇಳದೆ ಸೂಜಿ ಚುಚ್ಚದ ಮನುಷ್ಯನಿಗೆ, ಯಾರ ಹೆಸರನ್ನೂ ಕೇಳದೆ ಮಾಡಿದ ಸಾಮಾನನ್ನು ಕಟ್ಟಿ ಕಳಿಸಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಗಿರ್ಮಿಟ್ ಅವನ ಕಡೆ ನೂಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಸ್‌ಸ್ಟ್ಯಾಂಡಿಗೆ ಓಡಿದೆ. ಹೊಸ ಸೊಸೆ ಪೇಟೆಯಲ್ಲಿ ಓಡುವುದನ್ನು ಕಂಡ ಸುದ್ದಿ ಸಂಜೆಯೊಳಗೆ ಮನೆ ಮುಟ್ಟಿತು, ಅದು ಬೇರೆ ಕತೆ.

ಹುಣ್ಣಿಮೆ ಹತ್ತಿರವಿದ್ದುದರಿಂದ ಸವದತ್ತಿ ಬಸ್ಸು ದೇವಿಯ ಗುಡ್ಡಕ್ಕೆ ಹೋಗುವವರಿಂದ ತುಂಬಿತ್ತು. ಕಂಡಕ್ಟರು ಇನ್ನೂ ಚಹಾ ಕುಡಿಯುತ್ತಿದ್ದ. ಚಾಚಾ ಕಿಟಕಿಯ ಪಕ್ಕ ಕೂತಿದ್ದರು.

"ಚಾಚಾ, ಸಿಡಿ ವಾಪಸ್ ಕೊಡ್ರಿ."

"ಯಾಕ?"

"ನಾ ಪೂರ್ತಿ ನೋಡಿಲ್ಲ್ರಿ."

"ಈಗರ ನೋಡೇನಿ ಅಂದಿ."

"ಸುಳ್ಳ ಹೇಳಿದೆರಿ."

ಅವರು ಜನರ ನಡುವೆ ತೂರಿಕೊಂಡು ಇಳಿದು ಬಂದರು. ಸಾವಕಾಶವಾಗಿ ನಗುತ್ತ "ಆತ ಬಿಡು" ಅನ್ನುತ್ತಾರೆ ಎಂದು ನನ್ನ ಮೂರ್ಖ ತಲೆ ಅಂದುಕೊಂಡಿತ್ತು. ಅವರ ಮುಖ ಕಪ್ಪಿಟ್ಟಿತ್ತು.

"ಡಾಕ್ಟರಿಗೆ ಫೋನ್ ಮಾಡಿ ಆಗೈತಿ. ಕೈಯಾಗ ಬಂತ್ರಿ, ನಮ್ಮ ಹುಡುಗಿ ತಪಾಸ ಮಾಡ್ಯಾಳ ಅಂದೇನಿ" ಎಂದರು. "ನೋಡೇನಿ ಅಂದಾಗೂ ನಿನ್ನ ಮಾರಿ ಹಿಂಗ ಇತ್ತು. ನೋಡಿಲ್ಲ ಅನ್ನುವಾಗೂ ಹಿಂಗ ಐತಿ. ನಾ ಯಾವುದ ನಂಬ್ಲಿ?"

ನನ್ನ ಮೂಗಿನ ತುದಿಯ ಸಿಟ್ಟೂ ಆಗ ಕೈ ಕೊಟ್ಟಿತ್ತು. ಚಾಚಾ ಸಿಡಿ ನನ್ನ ಕೈಗಿಟ್ಟು, ನಿಲ್ದಾಣದ ಕಾಯಿನ್ ಬೂತಿನಿಂದ ಕಿತ್ತೂರಿಗೆ ಮತ್ತೆ ಫೋನ್ ಮಾಡಿದರು. ನನ್ನ ಹೆಸರು ಎತ್ತಲಿಲ್ಲ. "ತಯಾರಾಗಿಲ್ಲ್ರಿ ಸಾಹೇಬ್ರ. ನಂದ ತಪ್ಪಾತು. ಸೋಮವಾರ ನಾನ ಬಂದ ಕುಂತು ಬರಕೊಡ್ತೇನ್ರಿ" ಎಂದರು. ಆ ಕಡೆಯ ಕೂಗು ಬೂತಿನ ಹೊರಗೆ ನಿಂತ ನನಗೂ ಕೇಳಿಸುತ್ತಿತ್ತು.

ಭಾನುವಾರ ಮನೆಯಲ್ಲಿ ಹೋಳಿಗೆ. ನಾನು ಬೆಳಗ್ಗೆಯೇ ಆಫೀಸಿನ ಕೀಲಿ ಹಿಡಿದು ಹೊರಟೆ. "ಹೋಗಿ ಬಾ, ನಿನ್ನ ಆ ಅತ್ತಿನ್ನೂ ನೋಡ್ಕೋಬೇಕಲ್ಲ" ಎಂದು ನಿಜವಾದ ಅತ್ತೆ ಡಬ್ಬಿಯಲ್ಲಿ ಎರಡು ಹೋಳಿಗೆ ಹಾಕಿ ಕೊಟ್ಟರು. ಮೊದಲು ಆ ಪಾಪದ ಸಾಲು ಅಳಿಸಿದೆ. ಆಮೇಲೆ ಬೈಯುವುದು ಬಿಟ್ಟು, ಮೂರು ದಿನ ಮಾಡದಿದ್ದ ಒಂದು ಕೆಲಸ ಮಾಡಿದೆ. ಪುಣೆಯ ಕಂಪ್ಯೂಟರು ನಿಜಕ್ಕೂ ಏನೇನು ಕಾಗದ ತೋರಿಸುತ್ತಿದೆ ಎಂದು ಎಣಿಸಿ ನೋಡಿದೆ. ಒಂದೇ ಒಂದು. ನನ್ನ ಬ್ರೌಸರಿನಲ್ಲಿ ನೋಡಿದರೆ ಮೂರು. ಪುಣೆಯವರದೊಂದು, ದೊಡ್ಡವರದೊಂದು, ಇಬ್ಬರ ನಡುವೆ ಇನ್ನೊಬ್ಬರದು. ದೊಡ್ಡವರು ಪುಣೆಯವರಿಗೆ ನೇರವಾಗಿ ಸಹಿ ಹಾಕಿರಲಿಲ್ಲ. ದೊಡ್ಡವರು ನಡುವಿನವರಿಗೆ ಹಾಕಿದ್ದರು, ನಡುವಿನವರು ಪುಣೆಯವರಿಗೆ ಹಾಕಿದ್ದರು. ಬ್ರೌಸರು ಬೇರೆ ಕಡೆ ಅಲೆದಾಡುವಾಗ ಈ ನಡುವಿನವರನ್ನು ಎಲ್ಲೋ ಕಂಡು ಗುರುತಿಟ್ಟುಕೊಂಡಿತ್ತು. ಮೆಟ್ಟಿಲ ಕೆಳಗಿನಿಂದ ಹೊರಗೆ ಕಾಲಿಡದ ಅತ್ತೆಗೆ ಅವರ ಪರಿಚಯವೇ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರೆ, ಇಲ್ಲಿ ಪೂಜಾರಿಯೇ ನಾಪತ್ತೆ. ಊದಿನಕಡ್ಡಿ ಬೆಳಗಿ, ಗುರ್ತಿನವರಿಂದ ಹೇಳಿಸಿ ಎಂದಿದ್ದ ಮಾಲೀಕರೇ ರೋಗವನ್ನು ಸರಿಯಾಗಿ ಹಿಡಿದಿದ್ದರು ಎಂಬುದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ನಡುವಿನವರ ಕಾಗದ ನನ್ನ ಬ್ರೌಸರಿನಲ್ಲಿತ್ತು, ತೆಗೆದು ಅತ್ತೆಗೆ ಕೊಡುವುದು ಒಂದು ನಿಮಿಷದ ಕೆಲಸ. ಆದರೆ ಅದು ಅಸಲಿ ಹೌದೋ ಅಲ್ಲವೋ ಎಂದು ಯಾರನ್ನಾದರೂ ಕೇಳದೆ ಕೊಡಬಾರದು ಎಂದು ಹಟ ಹಿಡಿದೆ. ಭಾನುವಾರ ಪುಣೆಯಲ್ಲಿ ಯಾರೂ ಫೋನ್ ಎತ್ತಲಿಲ್ಲ. ಎರಡೂ ಹೋಳಿಗೆ ತಿಂದು ಮನೆಗೆ ಹೋದೆ.

ಸೋಮವಾರ ಒಂಬತ್ತಕ್ಕೆ ಆಫೀಸಿನಲ್ಲಿ ಒಬ್ಬಳೇ ಕೂತು ಪುಣೆಗೆ ಫೋನ್ ಹಚ್ಚಿದೆ. ಅಲ್ಲಿನ ಮನುಷ್ಯ ತಮ್ಮ ಕಡೆ ನೋಡಿ, "ಅರೇ, ಏಕ ಫಾಯಿಲ್ ರಾಹೂನ ಗೇಲಿ" ಎಂದ. ಒಂದು ಫೈಲು ಹಾಕುವುದು ಉಳಿದುಹೋಯಿತಂತೆ! ನನ್ನ ಮೂರು ದಿನ, ಚಾಚಾ ಅವರ ಮಾತು, ಕಿತ್ತೂರಿನ ಕೂಗಾಟ, ಎಲ್ಲ ಸೇರಿ ಅವನಿಗೆ ಒಂದು ಫೈಲು. ನನಗೆ ಬರುತ್ತಿದ್ದ ಅಷ್ಟೂ ಮರಾಠಿಯಲ್ಲಿ ಬೈದೆ. ಆಮೇಲೆ ಇಬ್ಬರೂ ಫೋನಿನಲ್ಲೇ ಆ ನಡುವಿನವರ ಕಾಗದದ ಗುರುತಿನ ಸಂಖ್ಯೆಯನ್ನು ತಾಳೆ ನೋಡಿದೆವು. ನಲವತ್ತು ಅಕ್ಷರ, ಅಂಕಿ ಕಲಸಿದ ಸಾಲು ಅದು. ಅವನು ತನ್ನ ಕಡೆಯಿಂದ ಓದುವುದು, ನಾನು ನನ್ನ ಪರದೆಯ ಮೇಲೆ ಬೆರಳಿಟ್ಟು ನೋಡಿ, ಸರಿಯಾಗಿ ಕೇಳಿದೆನೋ ಎಂದು ತಿರುಗಿ ಹೇಳುವುದು. ಎ ಅಂದರೆ ಅಥಣಿ, ಬಿ ಅಂದರೆ ಬೈಲಹೊಂಗಲ, ಡಿ ಅಂದರೆ ಧಾರವಾಡ. ಎಫ್‌ಗೆ ಊರು ನೆನಪಾಗದೆ ಫೇಲು ಎಂದೆ, ಅವನು ನಕ್ಕ. ನಲವತ್ತೂ ಕೂಡಿಬಂದವು. ಕಾಗದವನ್ನು ಸರಿಯಾದ ಜಾವಾದ ಪಟ್ಟಿಗೆ ಸೇರಿಸಿದೆ. ಅತ್ತೆ ಎಲ್ಲರ ಸಹಿಯನ್ನೂ ಒಂದೊಂದಾಗಿ ನೋಡಿ ಒಪ್ಪಿಕೊಂಡಿತು. ಮಧ್ಯಾಹ್ನದವರೆಗೆ ಕೂತು ಕೂಸುಗಳಿಂದ ಮುದುಕರವರೆಗೆ ಎಲ್ಲ ವಯಸ್ಸಿನ ರಿಪೋರ್ಟು ತೆಗೆದು ಪರೀಕ್ಷಿಸಿದೆ.

ಅದೇ ಹೊತ್ತಿನಲ್ಲಿ ಚಾಚಾ ಸವದತ್ತಿಯ ತಮ್ಮ ಲ್ಯಾಬಿಗೆ ಬೀಗ ಹಾಕಿ, ಕಿತ್ತೂರಿನ ಲ್ಯಾಬಿನಲ್ಲಿ ಪ್ರಿಂಟರಿನ ಪಕ್ಕ ಪೆನ್ನು ಹಿಡಿದು ಕೂತಿದ್ದರು. ಪ್ರತಿ ಕೂಸಿನ ರಿಪೋರ್ಟಿನಲ್ಲೂ ವರ್ಷ ಹೊಡೆದುಹಾಕಿ ತಿಂಗಳು ಎಂದು ಬರೆದು, ಇರಬೇಕಾದ ಪ್ರಮಾಣ ಬರೆದು, ಕೆಳಗೆ ತಮ್ಮ ಸಹಿ ಹಾಕಿದರು. ಡಾಕ್ಟರು ಆ ಸಹಿ ನೋಡಿಯೇ ಮತ್ತೊಂದು ದಿನ ಗಡುವು ಕೊಟ್ಟರು.

ಮಂಗಳವಾರ ಬೆಳಗ್ಗೆ ಕಿತ್ತೂರಿಗೆ ಹೋಗುವ ದಾರಿಯಲ್ಲಿ ಚಾಚಾ ಆಫೀಸಿಗೆ ಬಂದರು. ಸಿಡಿ ಕೊಟ್ಟೆ. ಹಿಂದಿನ ಸಂಜೆಯಿಂದ ಬಾಯಿಪಾಠ ಮಾಡಿದ್ದ ಮಾತು ಶುರು ಮಾಡಿದೆ. "ಈ ಸಲ ಎಲ್ಲಾ ಒಂದೊಂದ ನೋಡೇನ್ರಿ ಚಾಚಾ. ಪುಣೆಯವರಿಗೆ ಫೋನ್ ಹಚ್ಚಿ…"

ಅವರು ನನ್ನ ಮಾತು ಮುಗಿಯುವವರೆಗೆ ಕಾಯಲಿಲ್ಲ. ಸಿಟ್ಟಿನಿಂದಲ್ಲ, ಬಾಟಲಿಯ ಚೀಟಿ ಓದುವಾಗ ಇರುತ್ತಿದ್ದ ಅದೇ ಮುಖದಿಂದ ಸಂಗೊಳ್ಳಿಯವನ ಕಡೆ ತಿರುಗಿದರು.

"ನೀ ಹೇಳಪಾ. ಈಕಿ ಖರೇ ನೋಡ್ಯಾಳೇನು?"

ಎಲ್ಲರನ್ನೂ ನಂಬು ಎಂದು ಬರೆದು ಒಗೆಯಿರಿ ಎಂದವನು ಇವನು. ಇವನ ಮಾತಿನ ಮೇಲೆ ನಾನು ನಿಲ್ಲಬೇಕಾಗಿತ್ತು. ಅವನು ಎದ್ದು ನಿಂತು, ಬಾಯಲ್ಲಿದ್ದ ಅಡಿಕೆಯನ್ನು ಒಂದು ದವಡೆಗೆ ಸರಿಸಿ, ಪಂಚರ ಮುಂದೆ ಹೇಳುವವನಂತೆ ಹೇಳಿದ.

"ನೋಡ್ಯಾರ್ರಿ ಚಾಚಾ. ನಾ ಬಾಜೂಕ ಕುಂತಿದ್ದೆ. ಒಂದೊಂದ ಅಕ್ಷರ ಇಬ್ರೂ ಕೂಡಿ ಕೇಳೇವ್ರಿ."

ಚಾಚಾ ಮುಖ ಸಡಿಲಾಯಿತು. "ಆತ ಮತ್ತ" ಎಂದು ಸಿಡಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು.

ಸೋಮವಾರ ನಾನು ಪುಣೆಗೆ ಫೋನ್ ಮಾಡಿದಾಗ ಅವನು ಇನ್ನೂ ಸಂಗೊಳ್ಳಿಯ ಬಸ್ಸಿನಲ್ಲಿದ್ದ. ನಾನು ನೋಡಿದ್ದು ಖರೆ, ಅವನು ಪಕ್ಕದಲ್ಲಿ ಕೂತದ್ದು ಹಸಿ ಸುಳ್ಳು. ಅದನ್ನು ಚಾಚಾಗೆ ಹೇಳಲು ನಾನು ಬಾಗಿಲ ತನಕ ಹೋದವಳು, ಅಲ್ಲೇ ನಿಂತುಬಿಟ್ಟೆ. ನಾನು ಹೇಳಿದರೆ, ಅದು ಖರೆಯೋ ಸುಳ್ಳೋ ಎಂದು ಚಾಚಾ ಮತ್ತೆ ಯಾರನ್ನು ಕೇಳಬೇಕಿತ್ತು?